ಉಳಿಸಿದವಳಿಗೇ ಬಿಲ್ಲು!

ಹುಣಸೂರಿನ ನಮ್ಮ ಮನೇಲಿ ಮೊದಲಿಂದಲೂ ಸ್ನಾನಕ್ಕೆ ಹಂಡೆ ಒಲೆ. ಯಾರೂ ಇಲ್ಲದ ರೂಮಲ್ಲಿ ಫ್ಯಾನ್ ತಿರುಗಿದರೆ ಅತ್ತೆ ಸುಮ್ಮನಿರೋರಲ್ಲ. ಹೀಗಾಗಿ 2022-23ರಲ್ಲಿ ನಮ್ಮ ಸರಾಸರಿ ತಿಂಗಳಿಗೆ 60 ಯೂನಿಟ್. ಪಿರಿಯಾಪಟ್ಟಣದ ನನ್ನ ವಾರಗಿತ್ತಿ ಮನೇಲಿ ಗೀಸರ್ ಇದೆ, ಅವರದು 150.

2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ ಎಲ್ಲರಿಗೂ ಫ್ರೀ ಅಂದ್ಕೊಂಡಿದ್ವಿ, ಅಲ್ವಾ? ಲೆಕ್ಕವೇ ಬೇರೆ. ಆ ವರ್ಷದ ಸರಾಸರಿಗೆ ಶೇ 10 ಸೇರಿಸಿದರೆ ಎಷ್ಟೋ ಅಷ್ಟೇ ಉಚಿತ. ನನಗೆ 66, ಅವಳಿಗೆ 165. ಈಗ ಇಬ್ಬರೂ ನೂರು ಯೂನಿಟ್ ಉರಿಸಿದರೆ ಅವಳಿಗೆ ಸೊನ್ನೆ ಬಿಲ್ಲು, ನಾನು 34 ಯೂನಿಟ್ಟಿಗೆ ದುಡ್ಡು ಕಟ್ಟಬೇಕು! (ವಾರಗಿತ್ತಿ ಮೇಲೆ ಸಿಟ್ಟಿಲ್ಲ ಕಣ್ರೀ, ಲೆಕ್ಕದ ಮೇಲೆ.) 2024ರ ಜನವರಿಯಲ್ಲಿ 48 ಯೂನಿಟ್ಟಿಗಿಂತ ಕಡಿಮೆ ಬಳಸೋರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಟ್ಟರು, ಒಳ್ಳೇದೇ. ನಮ್ಮಂಥ ನಡುವಿನವರಿಗೆ ಏನಿಲ್ಲ. ಮಕ್ಕಳು ದೊಡ್ಡವರಾದ್ರು, ರಾತ್ರಿ ಓದು ಜಾಸ್ತಿ. ಸೌದೆ ಒಡೆಯೋರೂ ಸಿಗಲ್ಲ. ಸರಾಸರಿ ಮಾತ್ರ ಅಲ್ಲೇ ನಿಂತಿದೆ. ಎಲ್ಲ ಮನೆಗೂ ಒಂದೇ ಮಿತಿ ಇಟ್ಟರೆ ಆಗದೇ?

ಅಲ್ಲೀವರೆಗೆ ಒಂದು ಕೆಲಸ ಮಾಡಿ. ಪ್ರತಿ ಭಾನುವಾರ ಮೀಟರಿನ ಅಂಕಿ ಕ್ಯಾಲೆಂಡರಲ್ಲಿ ಬರೆದಿಡಿ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಹೋಯ್ತು. 200 ದಾಟಿದರಂತೂ ಪೂರ್ತಿ ಬಿಲ್ಲು ನಿಮ್ಮದೇ. 2025ರ ಏಪ್ರಿಲ್‌ನಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145 ರೂಪಾಯಿಗೆ ಏರಿತು, ನೌಕರರ ಪಿಂಚಣಿ ಬಾಬ್ತು ಅಂತ ಯೂನಿಟ್ಟಿಗೆ 36 ಪೈಸೆಯೂ ಸೇರಿತು.

ಈ ತಿಂಗಳು ನಮ್ಮನೇದು ಆಗಲೇ 91. ರೀಡಿಂಗಿಗೆ ಇನ್ನೂ ಐದು ದಿನ ಇದೆ.