ಒತ್ತಕ್ಷರಕ್ಕೆ ಬೇರೆ ಬಣ್ಣ

ಮುಂಬಯಿಯ ಕನ್ನಡ ಸಂಘಗಳ ಆಮಂತ್ರಣಗಳು ಈಗ ಬರುವುದು ವಾಟ್ಸಾಪಿನಲ್ಲಿ, ಚಿತ್ರಗಳಾಗಿ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಇದೇ ಪದ್ಧತಿ. ಹಳದಿ ಅಕ್ಷರ, ಕೆಂಪು ಅಂಚು, ಹಿಂದೆ ಕಪ್ಪು ನೆರಳು. ನೋಡಲು ಹಬ್ಬ. ಆದರೆ ಆ ಚಿತ್ರದೊಳಗೆ ಕನ್ನಡವಿಲ್ಲ, ಕನ್ನಡದ ಆಕಾರದಲ್ಲಿ ನಿಂತ ಬಣ್ಣದ ಚುಕ್ಕಿಗಳಿವೆ ಅಷ್ಟೇ. ಮುಂದಿನ ವರ್ಷ ಹೆಸರು ಹಾಕಿ ಹುಡುಕಿದರೆ ಸಿಗುವುದು ಅನುಮಾನ. ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆಯಿಲ್ಲ. ಮರಾಠಿಗೆ ಅನುವಾದಿಸಬೇಕಾದವರು ಮತ್ತೆ ಟೈಪ್ ಮಾಡಿಕೊಳ್ಳಬೇಕಾಗಬಹುದು.

ಡಿಟಿಪಿಯವರನ್ನು ದೂರಿ ಪ್ರಯೋಜನವಿಲ್ಲ. ಯೂನಿಕೋಡ್ ಪೂರ್ವದ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕೂಡಿಸಿದ್ದನ್ನು ಹಾಗೇ ಕಳಿಸಿದರೆ ಫೋನಿನಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಚಿತ್ರ ಮಾಡುವುದೇ ಕ್ಷೇಮ. ಇನ್ನೊಂದು ಕಾರಣ ಬಣ್ಣ: ಸಾಮಾನ್ಯ ಫಾಂಟಿಗೆ ಆಕಾರ ಗೊತ್ತು, ಬಣ್ಣ ಗೊತ್ತಿಲ್ಲ.

ಈ ಎರಡನೆಯ ಕಾರಣ ಈಗ ಉಳಿದಿಲ್ಲ, ಮತ್ತು ಅದನ್ನು ಹೋಗಲಾಡಿಸಿದ್ದು ಒಂದು ಹಳೆಯ ಉಪಾಯ. ಪರದೆಯಲ್ಲಿ ಒಮ್ಮೆಗೆ 256 ಬಣ್ಣ ಮಾತ್ರ ತೋರಿಸಬಲ್ಲ ಕಂಪ್ಯೂಟರುಗಳ ಕಾಲದಲ್ಲಿ ಚಿತ್ರದ ಚುಕ್ಕಿಯಲ್ಲಿ ಬಣ್ಣವನ್ನು ಇಡುತ್ತಿರಲಿಲ್ಲ, ಒಂದು ಅಂಕಿ ಇಡುತ್ತಿದ್ದರು. ಯಾವ ಅಂಕಿಗೆ ಯಾವ ಬಣ್ಣ ಎಂಬ ಪಟ್ಟಿ ಬೇರೆ ಇರುತ್ತಿತ್ತು, ಅದೇ ಪ್ಯಾಲೆಟ್. ಚಿತ್ರವನ್ನು ಮುಟ್ಟದೆ ಪಟ್ಟಿಯ ಬಣ್ಣಗಳನ್ನು ಒಂದೊಂದು ಮನೆ ಮುಂದೆ ಸರಿಸಿದರೆ ಸಾಕು, ಜಲಪಾತ ಧುಮುಕುತ್ತಿತ್ತು, ಬೆಂಕಿ ಉರಿಯುತ್ತಿತ್ತು.

2013ರ ವಿಂಡೋಸ್ 8.1ರಲ್ಲಿ ಮೈಕ್ರೋಸಾಫ್ಟ್ ಇದೇ ಉಪಾಯವನ್ನು ಫಾಂಟಿನೊಳಕ್ಕೆ ತಂದಿತು. ಆಗ ಉದ್ದೇಶ ಬಣ್ಣದ ಇಮೋಜಿ. ಅಕ್ಷರವೊಂದನ್ನು ಪದರಗಳಾಗಿ ಒಡೆದು, ಪ್ರತಿ ಪದರಕ್ಕೂ ಪ್ಯಾಲೆಟ್ಟಿನ ಒಂದು ಅಂಕಿ ಕೊಡುವುದು. 2022ರ ಕೊನೆಗೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರರಲ್ಲೂ ವೆಬ್ ಪುಟ ಬರೆಯುವವರು ಆ ಪ್ಯಾಲೆಟ್ಟನ್ನು ತಮಗೆ ಬೇಕಾದಂತೆ ಬದಲಿಸುವಂತಾಯಿತು. 2024ರಿಂದ ಕ್ರೋಮ್‌ನಲ್ಲಿ ಒಂದು ಪ್ಯಾಲೆಟ್ಟಿನಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರಿಸಲೂಬಹುದು. ಇಷ್ಟಾದರೂ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಹುಡುಕಬಹುದು, ನಕಲಿಸಬಹುದು.

ಹಾಗಾದರೆ ಆಮಂತ್ರಣದ ಕೆಂಪು ಅಂಚನ್ನು ಕನ್ನಡ ಫಾಂಟಿಗೆ ಹಾಕಿಬಿಡೋಣವೇ? ಇಲ್ಲೊಂದು ತೊಡಕಿದೆ. ಬೋರ್ಡ್ ಬರೆಯುವ ಕಲಾವಿದ ಇಡೀ ಪದವನ್ನು ಕಣ್ಣಳತೆಯಲ್ಲಿಟ್ಟು ನೆರಳು ಹಾಕುತ್ತಾನೆ. ಬಣ್ಣದ ಫಾಂಟು ಹಾಗಲ್ಲ: ಒಂದು ತುಂಡಿನ ಎಲ್ಲ ಪದರಗಳನ್ನೂ ಮುಗಿಸಿಯೇ ಮುಂದಿನದಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ತುಂಡೆಂದರೆ ಒಂದು ಬಿಡಿ ಅಕ್ಷರ. ಕನ್ನಡದ ‘ಸ್ತ್ರೀ’ಯಲ್ಲಿ ಮೂಲಾಕ್ಷರ, ಒತ್ತುಗಳು, ದೀರ್ಘ ಎಲ್ಲವೂ ಬೇರೆ ಬೇರೆ ತುಂಡುಗಳಾಗಿ ಬಂದು ಕೂರುತ್ತವೆ. ಒತ್ತಿನ ಅಂಚು ಮೂಲಾಕ್ಷರದ ಹೊಟ್ಟೆಯ ಮೇಲೆ ಗೀಟೆಳೆದಂತೆ ಬೀಳುತ್ತದೆ. ಪ್ರತಿ ಸಂಯುಕ್ತಾಕ್ಷರವನ್ನೂ ಮೊದಲೇ ಬರೆದಿಟ್ಟರೆ ಸರಿಹೋದೀತು, ಆದರೆ ಫಾಂಟು ಊದಿಕೊಳ್ಳುತ್ತದೆ. ಅಲಂಕಾರಕ್ಕಾಗಿ ಅಷ್ಟು ದುಡಿಯುವುದು ದಂಡ.

ಆದರೆ ಅದೇ ಒಡಕು ಇನ್ನೊಂದು ಕಡೆ ವರ. ಮುಂಬಯಿ ಕನ್ನಡಿಗರ ಮನೆಯ ಮಗು ಶಾಲೆಯಲ್ಲಿ ದೇವನಾಗರಿ ಕಲಿತು, ಮನೆಯಲ್ಲಿ ಕನ್ನಡ ಓದಲು ಕೂರುತ್ತದೆ ಎನ್ನಿ. ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿವೆ, ಎಲ್ಲ ಮಕ್ಕಳೂ ಅಲ್ಲಿಗೆ ಹೋಗುವುದಿಲ್ಲ. ‘ಭಕ್ತಿ’ ಎಂಬುದನ್ನು ಆ ಮಗು ‘ಭಕಿತ’ ಎಂದು ಓದಿದರೆ ತಪ್ಪು ಮಗುವಿನದಲ್ಲ. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಎರಡನೆಯದು ಪೂರ್ತಿ. ನಮ್ಮಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಕುಗ್ಗಿ ಕೆಳಗೆ. ಗುಡಿಸು ಕ-ಕಾರದ ತಲೆಯ ಮೇಲೆ, ಅದರ ಉಚ್ಚಾರ ತ-ಕಾರದ ನಂತರ!

ಒತ್ತಿಗೆ ಮಾತ್ರ ಬೇರೆ ಬಣ್ಣ ಕೊಟ್ಟರೆ ಈ ಗಂಟು ಕಣ್ಣಿಗೆ ಕಾಣುತ್ತದೆ. ವೆಬ್ ಪುಟದ ಕೋಡಿನಲ್ಲಿ ಒತ್ತನ್ನು ಬೇರ್ಪಡಿಸಿ ಬಣ್ಣ ಹಚ್ಚಲು ಹೋದರೆ ಅಕ್ಷರವೇ ಒಡೆದು ‘ಭಕ್’, ‘ತಿ’ ಆಗಬಹುದು. ಫಾಂಟಿನೊಳಗಾದರೆ ಒತ್ತು ಹೇಗೂ ಬೇರೆ ತುಂಡು. ಅದಕ್ಕೆ ಪ್ಯಾಲೆಟ್ಟಿನ ಒಂದು ಅಂಕಿ ಕೊಟ್ಟರಾಯಿತು. ಅರ್ಕಾವೊತ್ತಿಗೆ ಇನ್ನೊಂದು. ಅಂಚು, ನೆರಳು ಇಲ್ಲದ ಒಂದೇ ಪದರವಾದ್ದರಿಂದ ಹಿಂದಿನ ತೊಡಕೂ ಇಲ್ಲ.

ಬಣ್ಣದ ಚಲನೆಗೆ ನಿಜವಾದ ಕೆಲಸವಿರುವುದೂ ಇಲ್ಲೇ. ಮಿಣಮಿಣ ಮಿನುಗುವ ಶೀರ್ಷಿಕೆಗಳು ಬೇಡವೇ ಬೇಡ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಏನೂ ಮಿಂಚಬಾರದೆಂದು ವೆಬ್ ಸುಲಭಗಮ್ಯತೆಯ ಮಾರ್ಗಸೂಚಿಯೇ ಹೇಳುತ್ತದೆ. ಬೇಕಾದ್ದು ತೀರ ನಿಧಾನದ ಚಲನೆ. ಮೊದಲ ಪಾಠದಲ್ಲಿ ಗಾಢ ಕಿತ್ತಳೆಯಾಗಿದ್ದ ಒತ್ತು ಹತ್ತನೆಯ ಪಾಠದ ಹೊತ್ತಿಗೆ ಕಂದಾಗಿ, ಇಪ್ಪತ್ತನೆಯದರಲ್ಲಿ ಉಳಿದ ಅಕ್ಷರದ ಕಪ್ಪಿನಲ್ಲೇ ಕರಗಿಹೋಗಬೇಕು. ಅಚ್ಚಿನ ಪುಸ್ತಕದಲ್ಲಿ ಇದಕ್ಕೆ ಪಾಠಪಾಠಕ್ಕೂ ಬಣ್ಣ ಬೇರೆಯಾಗಿ ಹೊಂದಿಸಬೇಕು. ಇಲ್ಲಿ ಪ್ಯಾಲೆಟ್ಟಿನ ಒಂದು ಮನೆ ಬದಲಾದರೆ ಮುಗಿಯಿತು. ಕೆಂಪು-ಹಸಿರು ಬೇರೆ ಕಾಣದ ಮಗುವಿಗೆ ನೀಲಿ ಹಾಕಿಕೊಡುವುದೂ ಅಷ್ಟೇ ಸುಲಭ.

ಸಾಮಗ್ರಿ ಊರಲ್ಲೇ ಇದೆ. ಮುಂಬಯಿಯ ಏಕ್ ಟೈಪ್ ಸಂಸ್ಥೆ ‘ಬಲೂ’ ಎಂಬ ಫಾಂಟ್ ಕುಟುಂಬವನ್ನು ಹಲವು ಲಿಪಿಗಳಿಗೆ ಮಾಡಿದೆ. ಗುಜರಾತಿಯದು ಬಲೂ ಭಾಯ್, ಮಲಯಾಳದ್ದು ಬಲೂ ಚೇಟ್ಟನ್, ಕನ್ನಡದ್ದು ಬಲೂ ತಮ್ಮ. ಮುಕ್ತ ಪರವಾನಗಿಯದಾದ್ದರಿಂದ ಯಾರು ಬೇಕಾದರೂ ತೆರೆದು ತಿದ್ದಬಹುದು. ಸಂಘಗಳು ಮುಂದಿನ ರಾಜ್ಯೋತ್ಸವದ ಫ್ಲೆಕ್ಸಿಗೆ ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ತಮ್ಮನ ಒತ್ತಕ್ಷರಗಳಿಗೆ ಪ್ಯಾಲೆಟ್ ಸೇರಿಸಲು ಕೊಡಬಹುದು.