ಕೆಲಸಕ್ಕೆ ಅಡ್ಡಿಯಾಗದ ಗುರುತಿಗೆ ಅಡ್ಡಿ ಏಕೆ?

2023ರ ಜುಲೈನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸೊಂದರ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಸಮವಸ್ತ್ರ ತೊಟ್ಟ ಮುಸ್ಲಿಂ ಕಂಡಕ್ಟರ್ ತಲೆಗೆ ಟೋಪಿ ಹಾಕಿಕೊಂಡಿದ್ದರು. ಇದಕ್ಕೆ ನಿಯಮದಲ್ಲಿ ಅವಕಾಶವಿದೆಯೇ ಎಂದು ಪ್ರಯಾಣಿಕ ಮಹಿಳೆಯೊಬ್ಬರು ಕೇಳಿದರು. ವರ್ಷಗಳಿಂದ ಹಾಕಿಕೊಳ್ಳುತ್ತಿದ್ದೇನೆ ಎಂದು ಅವರು ದನಿ ಏರಿಸದೆ ಉತ್ತರಿಸಿದರು. ಧರ್ಮ ಆಚರಿಸುವುದಿದ್ದರೆ ಮನೆಯಲ್ಲಿ ಆಚರಿಸಿ, ಟೋಪಿ ಈಗಲೇ ತೆಗೆಯಿರಿ ಎಂದು ಆಕೆ ಪಟ್ಟು ಹಿಡಿದರು. ಕಂಡಕ್ಟರ್ ತೆಗೆದರು. ಟಿಕೆಟ್ ಕೊಡಲಿಲ್ಲ, ಚಿಲ್ಲರೆ ಉಳಿಸಿಕೊಂಡರು, ಒರಟಾಗಿ ಮಾತಾಡಿದರು ಎಂಬ ಒಂದೇ ಒಂದು ದೂರು ಆ ವಿಡಿಯೊದಲ್ಲಿ ಇರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2022ರ ಜುಲೈನಲ್ಲಿ, ಸಹೋದ್ಯೋಗಿಗಳ ಟೋಪಿಯನ್ನು ವಿರೋಧಿಸಿ ಇದೇ ಸಂಸ್ಥೆಯ ಕೆಲವು ನೌಕರರು ಕೇಸರಿ ಶಾಲು ಹೊದ್ದು ಕೆಲಸಕ್ಕೆ ಬಂದಿದ್ದರು.

ಕೆಲಸದ ಜಾಗದಲ್ಲಿ ನೌಕರರು ಧಾರ್ಮಿಕ ಗುರುತು ಧರಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಧರಿಸಬಹುದು, ಧರಿಸಲು ಬಿಡಬೇಕು. ಅದರಿಂದ ಕೆಲಸ ಕೆಡುತ್ತದೆ ಅಥವಾ ಯಾರದಾದರೂ ಜೀವಕ್ಕೆ, ಆರೋಗ್ಯಕ್ಕೆ ಅಪಾಯವಾಗುತ್ತದೆ ಎಂದಾದರೆ ಮಾತ್ರ ತಡೆಯಬೇಕು. ಹಾಗೆ ತಡೆಯುವ ನಿಯಮ ಎಲ್ಲ ಧರ್ಮದವರಿಗೂ ಒಂದೇ ಆಗಿರಬೇಕು. ಇದರಾಚೆಗೆ ನೌಕರನ ಹಣೆ, ಕೊರಳು, ತಲೆಯ ಮೇಲೆ ಕಣ್ಣಿಡುವ ಅಧಿಕಾರ ಮಾಲೀಕನಿಗೂ ಇಲ್ಲ, ಗ್ರಾಹಕನಿಗೂ ಇಲ್ಲ.

ಈ ಚರ್ಚೆ ಶುರುವಾದಾಗಲೆಲ್ಲ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ನಮ್ಮ ಕಚೇರಿಗಳು ಧಾರ್ಮಿಕ ಗುರುತುಗಳಿಲ್ಲದ ಜಾಗಗಳಾಗಿ ಎಂದೂ ಇರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರ ಹಣೆಯಲ್ಲಿ ವಿಭೂತಿ ಇರುತ್ತದೆ, ಬ್ಯಾಂಕಿನ ಕ್ಯಾಷಿಯರ್ ಕೊರಳಲ್ಲಿ ಕರಿಮಣಿ ಇರುತ್ತದೆ. ಶಾಲೆಯ ಮೇಷ್ಟ್ರ ಅಂಗಿಯೊಳಗೆ ಜನಿವಾರವೋ ಇಷ್ಟಲಿಂಗದ ಕರಡಿಗೆಯೋ ಇರುತ್ತದೆ. ಕುಂಕುಮ, ಕಾಲುಂಗುರ, ಮಣಿಕಟ್ಟಿನ ಕೆಂಪು ದಾರಗಳ ಲೆಕ್ಕ ಇಟ್ಟವರೇ ಇಲ್ಲ. ಕಾರ್ತಿಕ ಕಳೆಯುವ ಹೊತ್ತಿಗೆ ಶಬರಿಮಲೆಗೆ ಹೊರಡುವವರು ಮಾಲೆ ಹಾಕಿಕೊಳ್ಳುತ್ತಾರೆ. ಕಪ್ಪು ಬಟ್ಟೆ, ಬೆಳೆದ ಗಡ್ಡ, ಬರಿಗಾಲಿನಲ್ಲಿ ಗ್ಯಾರೇಜಿಗೂ ಅಂಗಡಿಗೂ ಕಚೇರಿಗೂ ಬರುತ್ತಾರೆ. ನಿನ್ನೆಯವರೆಗೆ ಹೆಸರು ಹಿಡಿದು ಕೂಗುತ್ತಿದ್ದ ಮೇಲಧಿಕಾರಿಯೂ ಅಂದಿನಿಂದ ‘ಸ್ವಾಮಿ’ ಎಂದು ಕರೆಯುತ್ತಾರೆ, ಕ್ಯಾಂಟೀನಿನವರು ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇರೆ ತೆಗೆದಿಡುತ್ತಾರೆ. ಈ ವ್ರತ ಧರ್ಮದಲ್ಲಿ ಕಡ್ಡಾಯವೇ, ನಿಯಮದಲ್ಲಿ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು ಕೂಡ. ಇದು ನಮ್ಮ ಸಮಾಜದ ಒಳ್ಳೆಯ ಗುಣ. ಈ ಸೌಜನ್ಯವನ್ನು ಟೋಪಿ, ಹಿಜಾಬು, ಶಿಲುಬೆ, ಪೇಟಗಳಿಗೂ ತೋರಿಸಿ ಎಂದಷ್ಟೇ ಕೇಳುತ್ತಿದ್ದೇನೆ.

‘ಸಮವಸ್ತ್ರ ಎಂದ ಮೇಲೆ ಎಲ್ಲರೂ ಒಂದೇ ಥರ ಇರಬೇಕು, ಇಲ್ಲದಿದ್ದರೆ ಶಿಸ್ತು ಉಳಿಯುವುದಿಲ್ಲ’ ಎಂಬುದು ಮೊದಲ ಆಕ್ಷೇಪ. ಶಿಸ್ತಿನ ವಿಷಯದಲ್ಲಿ ಸೇನೆಯನ್ನು ಮೀರಿಸುವ ಸಂಸ್ಥೆ ನಮ್ಮಲ್ಲಿಲ್ಲ. ಅಲ್ಲಿ ಸಿಖ್ ಯೋಧರು ಪೇಟ ಧರಿಸಿಯೇ ಕಾದಾಡುತ್ತಾರೆ. 2016ರ ಡಿಸೆಂಬರ್‌ನಲ್ಲಿ, ಗಡ್ಡ ಬಿಟ್ಟಿದ್ದ ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರನ್ನು ಸೇವೆಯಿಂದ ಬಿಡುಗಡೆ ಮಾಡಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ನಿಜ. ಆದರೆ ಆ ತೀರ್ಪು ನಿಂತಿರುವುದು ಸಶಸ್ತ್ರ ಪಡೆಗಳ ವಿಶೇಷ ಶಿಸ್ತಿನ ಮೇಲೆ. ಟಿಕೆಟ್ ಹರಿಯುವವರಿಗೆ, ಪಾಠ ಹೇಳುವವರಿಗೆ, ಕಂಪ್ಯೂಟರಿನ ಮುಂದೆ ಕೂರುವವರಿಗೆ ಅದನ್ನು ಎಳೆದು ತರುವುದು ಸರಿಯಲ್ಲ.

ಬಸ್ ನೌಕರರ ವಿಷಯದಲ್ಲೇ ಇತಿಹಾಸ ಒಂದು ಪಾಠ ಹೇಳಿದೆ. 1967ರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ನಗರದಲ್ಲಿ ತರ್ಸೇಮ್ ಸಿಂಗ್ ಸಂಧು ಎಂಬ ಬಸ್ ಚಾಲಕರು ಪೇಟ, ಗಡ್ಡದೊಂದಿಗೆ ಕೆಲಸಕ್ಕೆ ಬಂದಾಗ ಸಾರಿಗೆ ಇಲಾಖೆ ಅವರನ್ನು ಮನೆಗೆ ಕಳಿಸಿತು. ಸಮವಸ್ತ್ರದ ನಿಯಮವೇ ಅಲ್ಲೂ ಕೊಟ್ಟ ಕಾರಣ. ಸುಮಾರು ಎರಡು ವರ್ಷ ಹೋರಾಟ ನಡೆಯಿತು. ಎನೋಕ್ ಪವೆಲ್ ಎಂಬ ರಾಜಕಾರಣಿ ವಲಸಿಗರ ವಿರುದ್ಧ ಮಾಡಿದ ಕುಖ್ಯಾತ ಭಾಷಣದಲ್ಲಿ ಈ ವಿವಾದವನ್ನೂ ಎಳೆದು ತಂದರು. ಕೊನೆಗೆ 1969ರ ಏಪ್ರಿಲ್‌ನಲ್ಲಿ ನಿಷೇಧ ತೆರವಾಯಿತು. ಬಸ್ಸುಗಳು ಎಂದಿನಂತೆ ಓಡಿದವು. ಅಂದು ಬ್ರಿಟನ್ನಿನಲ್ಲಿ ನಮ್ಮವರು ಕೇಳಿದ ನ್ಯಾಯವನ್ನು ಇಂದು ನಮ್ಮ ನೆಲದಲ್ಲಿ ನಮ್ಮವರಿಗೇ ನಿರಾಕರಿಸುವುದು ಯಾವ ಧರ್ಮ?

ಎರಡನೆಯ ಆಕ್ಷೇಪ ತಾಟಸ್ಥ್ಯದ್ದು. ಸರ್ಕಾರಕ್ಕೆ ಧರ್ಮವಿಲ್ಲ, ಆದ್ದರಿಂದ ಸರ್ಕಾರಿ ನೌಕರನ ಮೈಮೇಲೂ ಧರ್ಮ ಕಾಣಬಾರದು ಎಂಬ ವಾದ. ಕೆನಡಾದ ಕ್ಯುಬೆಕ್ ಪ್ರಾಂತ್ಯ 2019ರ ಜೂನ್‌ನಲ್ಲಿ ಇದೇ ವಾದದ ಮೇಲೆ ಕಾಯ್ದೆ ತಂದು ಸರ್ಕಾರಿ ಶಾಲೆಗಳ ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರು ಧಾರ್ಮಿಕ ಗುರುತು ಧರಿಸುವುದನ್ನು ನಿಷೇಧಿಸಿತು. ಅದರ ಫಲವಾಗಿ 2021ರ ಡಿಸೆಂಬರ್‌ನಲ್ಲಿ ಚೆಲ್ಸಿ ಎಂಬ ಊರಿನ ಶಿಕ್ಷಕಿ ಫಾತೆಮೆ ಅನ್ವರಿ ಅವರನ್ನು ಹಿಜಾಬು ಧರಿಸಿದ್ದ ಒಂದೇ ಕಾರಣಕ್ಕೆ ತರಗತಿಯಿಂದ ತೆಗೆಯಲಾಯಿತು. ಪಾಠ ಚೆನ್ನಾಗಿಲ್ಲ ಎಂದು ಯಾರೂ ಹೇಳಲಿಲ್ಲ. ಊರಿನ ಮಕ್ಕಳು, ಪೋಷಕರು ಆಕೆಯ ಪರವಾಗಿ ಶಾಲೆಯ ಬೇಲಿಗೆ ಹಸಿರು ರಿಬ್ಬನ್‌ಗಳನ್ನು ಕಟ್ಟಿದರು. ಇನ್ನೊಂದು ಕಡೆ, ಅದೇ ಕ್ಯುಬೆಕ್‌ನ ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಮೇಲೆ 1936ರಿಂದ ಶಿಲುಬೆ ತೂಗುತ್ತಿತ್ತು. ಅದನ್ನು ಅಲ್ಲಿಂದ ತೆಗೆದದ್ದು 2019ರ ಜುಲೈನಲ್ಲಿ, ನಿಷೇಧದ ಕಾಯ್ದೆ ಜಾರಿಯಾದ ಮೇಲೆ. ಬಹುಸಂಖ್ಯಾತರ ಗುರುತು ಎಂಬತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಉಳಿದಿತ್ತು.

ಸಂಸ್ಥೆಯ ಗೋಡೆ ಬೇರೆ, ನೌಕರನ ಮೈ ಬೇರೆ. ಸರ್ಕಾರಿ ಕಚೇರಿಯ ಗೋಡೆ ಎಲ್ಲ ಪ್ರಜೆಗಳಿಗೆ ಸೇರಿದ್ದು. ಅಲ್ಲಿ ಒಂದು ಧರ್ಮದ ಗುರುತನ್ನು ಸರ್ಕಾರವೇ ತೂಗುಹಾಕಿದರೆ ಉಳಿದವರು ಹೊರಗಿನವರಾಗುತ್ತಾರೆ. ನೌಕರನ ಹಣೆ ಆತನಿಗೆ ಸೇರಿದ್ದು. ಅರ್ಜಿ ಹಿಡಿದು ಬಂದವರ ಜಾತಿ, ಧರ್ಮ ನೋಡದೆ ಕಡತ ವಿಲೇವಾರಿ ಮಾಡಿದರೆ ವಿಭೂತಿ ಹಚ್ಚಿದ ತಹಶೀಲ್ದಾರರೂ ತಟಸ್ಥರು, ಹಿಜಾಬು ಧರಿಸಿದ ತಹಶೀಲ್ದಾರರೂ ತಟಸ್ಥರು. ಹೆಸರು ಓದಿ ಅರ್ಜಿಯನ್ನು ಬದಿಗಿಡುವ ಅಧಿಕಾರಿಯ ಹಣೆ ಖಾಲಿ ಇದ್ದ ಮಾತ್ರಕ್ಕೆ ಜನರಿಗೆ ನ್ಯಾಯ ಸಿಗುವುದಿಲ್ಲ.

ಮೂರನೆಯದು ಗ್ರಾಹಕರ ನೆಪ. ‘ನಮಗೇನೂ ಇಲ್ಲ, ಗಿರಾಕಿಗಳು ಒಪ್ಪುವುದಿಲ್ಲ’ ಎಂದು ಎಷ್ಟೋ ಮಾಲೀಕರು ಹೇಳುತ್ತಾರೆ. ಫ್ರಾನ್ಸಿನ ಮೈಕ್ರೋಪೋಲ್ ಎಂಬ ಐಟಿ ಕಂಪನಿ, ಗ್ರಾಹಕರೊಬ್ಬರು ಆಕ್ಷೇಪಿಸಿದರೆಂದು ಶಿರವಸ್ತ್ರ ಧರಿಸುತ್ತಿದ್ದ ಎಂಜಿನಿಯರ್ ಅಸ್ಮಾ ಬೂನ್ಯಾವಿ ಅವರನ್ನು ಕೆಲಸದಿಂದ ತೆಗೆಯಿತು. ಗ್ರಾಹಕರ ಇಂಥ ಇಚ್ಛೆ ಕೆಲಸಕ್ಕೆ ಬೇಕಾದ ಅರ್ಹತೆ ಆಗಲಾರದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರ ಮಾರ್ಚ್‌ನಲ್ಲಿ ಹೇಳಿತು. ಕಂಪನಿಯೊಂದು ಎಲ್ಲ ಧರ್ಮಗಳ ಗುರುತನ್ನೂ ಸಮಾನವಾಗಿ ನಿಷೇಧಿಸುವ ನಿಯಮ ಮಾಡಿಕೊಳ್ಳಬಹುದು ಎಂದೂ ಅದೇ ದಿನ ಬೆಲ್ಜಿಯಂನ ಇನ್ನೊಂದು ಪ್ರಕರಣದಲ್ಲಿ ಅದು ಹೇಳಿತು. ಈ ಎರಡನೆಯ ತೀರ್ಪನ್ನು ನಾನು ಒಪ್ಪುವುದಿಲ್ಲ. ಗುರುತು ಧರಿಸುವ ಕಟ್ಟಳೆ ಇರುವವರ ಮೇಲಷ್ಟೇ ಅಂಥ ನಿಯಮದ ಪೆಟ್ಟು ಬೀಳುತ್ತದೆ. ಗ್ರಾಹಕರ ಮಾತಿಗೆ ಮಣಿಯುವುದಾದರೆ ನಾಳೆ ‘ಈ ಜಾತಿಯವರು ಬಡಿಸಿದರೆ ಉಣ್ಣುವುದಿಲ್ಲ’ ಎನ್ನುವ ಗಿರಾಕಿಗೂ ಹೋಟೆಲಿನವರು ಮಣಿಯಬೇಕಾಗುತ್ತದೆ. ಆ ರೋಗದ ಪರಿಚಯ ನಮ್ಮ ಸಮಾಜಕ್ಕೆ ಚೆನ್ನಾಗಿಯೇ ಇದೆ.

ಹಾಗಾದರೆ ಗೆರೆ ಎಳೆಯುವುದು ಎಲ್ಲಿ? ಇದಕ್ಕೆ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2013ರ ಜನವರಿ 15ರಂದು ಕೊಟ್ಟ ಒಂದೇ ತೀರ್ಪಿನಲ್ಲಿ ಒಳ್ಳೆಯ ದಾರಿ ಸಿಗುತ್ತದೆ. ಬ್ರಿಟಿಷ್ ಏರ್‌ವೇಸ್‌ನ ಚೆಕ್‌ಇನ್ ಸಿಬ್ಬಂದಿ ನಾಡಿಯಾ ಎವೈಡಾ ಕೊರಳಲ್ಲಿ ಪುಟ್ಟ ಶಿಲುಬೆ ಕಾಣುವಂತೆ ಹಾಕಿಕೊಂಡಿದ್ದಕ್ಕೆ 2006ರಲ್ಲಿ ಸಂಬಳವಿಲ್ಲದೆ ಮನೆಯಲ್ಲಿ ಕೂರಬೇಕಾಯಿತು. ಪೇಟ, ಹಿಜಾಬುಗಳಿಗೆ ಆ ಸಂಸ್ಥೆ ಆಗಲೇ ಅವಕಾಶ ಕೊಟ್ಟಿತ್ತು, ಶಿಲುಬೆಗೆ ಇರಲಿಲ್ಲ. ನ್ಯಾಯಾಲಯ ಆಕೆಯ ಪರ ನಿಂತಿತು. ಶಿಲುಬೆಯ ಸರವನ್ನು ತೆಗೆಯಲು ಒಪ್ಪದ ನರ್ಸ್ ಶರ್ಲಿ ಚಾಪ್ಲಿನ್ ಅವರ ಮನವಿಯನ್ನು ಅದೇ ತೀರ್ಪು ತಳ್ಳಿಹಾಕಿತು. ಆಕೆ ಇದ್ದದ್ದು ವೃದ್ಧ ರೋಗಿಗಳ ವಾರ್ಡಿನಲ್ಲಿ. ರೋಗಿ ಸರ ಹಿಡಿದು ಎಳೆಯಬಹುದು, ಅದು ತೆರೆದ ಗಾಯಕ್ಕೆ ತಾಗಬಹುದು ಎಂಬ ಆಸ್ಪತ್ರೆಯ ಮಾತಿನಲ್ಲಿ ಹುರುಳಿತ್ತು. ಧರ್ಮದ ಕಾರಣ ಹೇಳಿ ಸಲಿಂಗಿ ಜೋಡಿಗಳ ನೋಂದಣಿ ಮಾಡಲು ಒಪ್ಪದ ರಿಜಿಸ್ಟ್ರಾರ್ ಲಿಲಿಯನ್ ಲಡೇಲ್ ಕೂಡ ಅಲ್ಲಿ ಸೋತರು. ಅಂದರೆ, ಗುರುತು ಧರಿಸುವುದು ಹಕ್ಕು, ಸುರಕ್ಷತೆ ಆ ಹಕ್ಕಿಗೆ ಮಿತಿ, ಧರ್ಮದ ಹೆಸರಿನಲ್ಲಿ ಸಾರ್ವಜನಿಕರಿಗೆ ಸೇವೆ ನಿರಾಕರಿಸುವುದು ಹಕ್ಕೇ ಅಲ್ಲ.

ಇದನ್ನು ನಮ್ಮಲ್ಲಿಗೆ ಅನ್ವಯಿಸುವುದು ಕಷ್ಟವೇನಲ್ಲ. ಆಪರೇಷನ್ ಥಿಯೇಟರಿನಲ್ಲಿ ಮಣಿಕಟ್ಟಿನ ದಾರ, ಬಳೆ, ಕಡ, ಉಂಗುರ ಎಲ್ಲವೂ ಹೊರಗಿರಬೇಕು. ಲೇತ್ ಮಷೀನಿನ ಮುಂದೆ ನಿಲ್ಲುವವರು ತೂಗಾಡುವ ಸರವನ್ನೂ ಹಾಕಬಾರದು, ಜೋಲುವ ಸೆರಗನ್ನೂ ದುಪಟ್ಟಾವನ್ನೂ ಬಿಡಬಾರದು. ಮುಖ ನೋಡಿ ಗುರುತು ಹಿಡಿಯಬೇಕಾದ ಕೆಲಸದಲ್ಲಿ ಮುಖ ಮುಚ್ಚುವಂತಿಲ್ಲ. ಕೌಂಟರಿನಲ್ಲಿ ಕುಳಿತು ಧರ್ಮ ಪ್ರಚಾರ ಮಾಡುವಂತಿಲ್ಲ. ಸಹೋದ್ಯೋಗಿಯನ್ನು ಕೆಣಕುವ ಉದ್ದೇಶದಿಂದಲೇ ಹೊದ್ದ ಶಾಲು ಪ್ರತಿಭಟನೆಯ ಬಾವುಟ. ಅದಕ್ಕೆ ಪ್ರತಿಭಟನೆಯ ನಿಯಮವೇ ಅನ್ವಯ. ಇವೆಲ್ಲ ಕೆಲಸದಿಂದ ಹುಟ್ಟುವ ನಿಯಮಗಳು. ಯಾರ ದೇವರನ್ನೂ ಇವು ಅಳೆಯುವುದಿಲ್ಲ.

ನಮ್ಮ ನ್ಯಾಯಾಲಯಗಳು ಮಾತ್ರ ಬೇರೊಂದು ದಾರಿಯಲ್ಲಿ ದೂರ ನಡೆದಿವೆ. ಹಿಜಾಬು ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆ ಅಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಹೇಳಿತು. ಅದು ವಿದ್ಯಾರ್ಥಿನಿಯರ ಪ್ರಕರಣ, ನೌಕರರದ್ದಲ್ಲ. ಆದರೂ ಅದರ ನೆರಳು ಇಡೀ ಚರ್ಚೆಯ ಮೇಲೆ ಬಿದ್ದಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಾಗ, ಅತ್ಯಗತ್ಯ ಆಚರಣೆಯ ಪ್ರಶ್ನೆಗೆ ಹೋಗುವ ಅಗತ್ಯವೇ ಇರಲಿಲ್ಲ, ಇದು ಆಯ್ಕೆಯ ವಿಷಯ ಎಂದು ನ್ಯಾಯಮೂರ್ತಿ ಸುಧಾಂಶು ಧುಲಿಯಾ ಬರೆದರು. ಅದೇ ಸರಿ. ಅತ್ಯಗತ್ಯವೇ ಎಂದು ಅಳೆಯಲು ಹೊರಟರೆ ಮಣಿಕಟ್ಟಿನ ದಾರವೂ ಉಳಿಯುವುದಿಲ್ಲ, ಅಯ್ಯಪ್ಪನ ಮಾಲೆಯೂ ಉಳಿಯುವುದಿಲ್ಲ.

‘ಹಿಜಾಬು ಹೆಣ್ಣುಮಕ್ಕಳ ಮೇಲೆ ಮನೆಯವರು ಹೇರಿದ್ದು, ನಿಷೇಧಿಸಿದರೆ ಅವರಿಗೆ ಬಿಡುಗಡೆ’ ಎನ್ನುವವರೂ ಇದ್ದಾರೆ. ಕೆಲವು ಮನೆಗಳಲ್ಲಿ ಹೇರಿಕೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೇರಿಕೆಗೆ ಸಿಕ್ಕ ಹೆಣ್ಣುಮಗಳ ಕೆಲಸ ಕಿತ್ತುಕೊಂಡರೆ ಆಕೆ ಹೋಗುವುದು ಅದೇ ಮನೆಗೆ, ಬರಿಗೈಯಲ್ಲಿ. ಕೈಯಲ್ಲಿ ಸ್ವಂತ ಸಂಬಳ ಇದ್ದಾಗಲೇ ಮನೆಯಲ್ಲಿ ಆಕೆಯ ಮಾತಿಗೆ ಬೆಲೆ ಬರುತ್ತದೆ. ಗುರುತನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸುವ ಬಲ ಬರುವುದೂ ಆಗಲೇ. ಹೇರಿಕೆ ಒಂದೇ ಧರ್ಮದ ಸೊತ್ತೂ ಅಲ್ಲ. 2023ರ ಮಹಿಳಾ ದಿನದಂದು ಕೋಲಾರದಲ್ಲಿ, ಮಳಿಗೆ ಇಟ್ಟುಕೊಂಡಿದ್ದ ಮಹಿಳೆಯನ್ನು ಆಗಿನ ಸಂಸದ ಎಸ್. ಮುನಿಸ್ವಾಮಿ ಹಣೆಗೆ ಬೊಟ್ಟು ಇಟ್ಟುಕೊಂಡಿಲ್ಲವೆಂದು ಎಲ್ಲರ ಎದುರು ಗದರಿದ್ದರು. ಟೋಪಿ ತೆಗೆಸಿಕೊಂಡ ಕಂಡಕ್ಟರ್‌ಗೆ ಆದದ್ದೇ ಈ ದುಡಿಯುವ ಹೆಣ್ಣಿಗೂ ಆಯಿತು. ಗುರುತು ಧರಿಸುವ ಹಕ್ಕಿನೊಂದಿಗೆ ಧರಿಸದಿರುವ ಹಕ್ಕನ್ನೂ ಕಾಪಾಡಬೇಕು.

ಈ ನೋವು ಎಲ್ಲರದೂ ಹೌದು ಎಂಬುದಕ್ಕೆ 2025ರ ಏಪ್ರಿಲ್‌ನ ಸಿಇಟಿ ಪ್ರವೇಶ ಪರೀಕ್ಷೆ ಸಾಕ್ಷಿ. ಜನಿವಾರ ತೆಗೆಯಲು ಒಪ್ಪದ ಬೀದರ್‌ನ ವಿದ್ಯಾರ್ಥಿಯೊಬ್ಬ ಗಣಿತ ಪರೀಕ್ಷೆ ಬರೆಯಲಾಗದೆ ಮರಳಿದ. ಶಿವಮೊಗ್ಗದಿಂದಲೂ ದೂರು ಬಂತು. ರಾಜ್ಯ ಸಿಟ್ಟಿಗೆದ್ದಿತು, ಏಳಲೇಬೇಕಿತ್ತು. ಎದೆಯ ಮೇಲಿನ ದಾರದಿಂದ ನಕಲು ನಡೆಯುವುದಿಲ್ಲ. ಆ ಹುಡುಗನಿಗಾಗಿ ಮಿಡಿದವರು ಟೋಪಿ ತೆಗೆಸಿದಾಗ ಸುಮ್ಮನಿರಬಾರದು. ಟೋಪಿಗಾಗಿ ದನಿ ಎತ್ತಿದವರು ಜನಿವಾರದ ವಿಷಯದಲ್ಲಿ ಸುಮ್ಮನಿರಬಾರದು. ನಮ್ಮವರ ಗುರುತಿಗೊಂದು, ಅವರ ಗುರುತಿಗೊಂದು ಅಳತೆ ಇಟ್ಟುಕೊಂಡವರಿಗೆ ಹಕ್ಕಿನ ಮಾತಾಡುವ ನೈತಿಕತೆ ಇಲ್ಲ.

ಉಳಿದಿರುವುದು ಕಾನೂನಿನ ಕೊರತೆ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. 25ನೇ ವಿಧಿ ಸಿಖ್ಖರ ಕಿರ್ಪಾಣನ್ನು ಹೆಸರಿಸಿಯೇ ರಕ್ಷಿಸುತ್ತದೆ. ಖಾಸಗಿ ಕೆಲಸಗಾರರನ್ನು ಇಂಥ ತಾರತಮ್ಯದಿಂದ ಕಾಪಾಡುವ ಸಮಗ್ರ ಕಾಯ್ದೆ ಮಾತ್ರ ನಮ್ಮಲ್ಲಿಲ್ಲ. ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಾರತಮ್ಯ ವಿರೋಧಿ ಖಾಸಗಿ ಮಸೂದೆ ಕಾಯ್ದೆ ಆಗಲಿಲ್ಲ. ಅಮೆರಿಕದ ಕಂಪನಿಯಲ್ಲಿ ಕುಂಕುಮ ಇಟ್ಟುಕೊಂಡು ದುಡಿಯುವ ಕನ್ನಡತಿಗೆ ಅಲ್ಲಿನ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆಸರೆ ಇದೆ. ಲಂಡನ್ನಿನಲ್ಲಿರುವವರಿಗೆ 2010ರ ಸಮಾನತಾ ಕಾಯ್ದೆ ಇದೆ. ಬೆಂಗಳೂರಿನ ಮಾಲ್‌ನಲ್ಲಿ, ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರಿಗೆ ಮಾಲೀಕನ ಮರ್ಜಿಯೇ ಕಾನೂನು.

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವೂ ಕಾನೂನು ಮಾಡಬಹುದು. ಕೆಲಸಕ್ಕೂ ಸುರಕ್ಷತೆಗೂ ಅಡ್ಡಿಯಾಗದ ಯಾವ ಧಾರ್ಮಿಕ ಗುರುತನ್ನೂ ತಡೆಯುವಂತಿಲ್ಲ, ಯಾವುದನ್ನೂ ಹೇರುವಂತಿಲ್ಲ, ತಡೆಯುವುದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಆ ಕಾರಣ ಎಲ್ಲ ಧರ್ಮಗಳಿಗೂ ಒಂದೇ ಆಗಿರಬೇಕು. ಇಷ್ಟನ್ನು ಸರ್ಕಾರ ತನ್ನ ಸೇವಾ ನಿಯಮಗಳಲ್ಲಿ ಮೊದಲು ಬರೆಯಲಿ, ನಂತರ ಖಾಸಗಿ ವಲಯಕ್ಕೂ ಅನ್ವಯವಾಗುವ ಕಾಯ್ದೆ ತರಲಿ. ಪ್ರತಿ ಸಲ ವಿವಾದ ಎದ್ದಾಗ ಹೇಳಿಕೆ ಕೊಟ್ಟು ಕೈತೊಳೆದುಕೊಳ್ಳುವ ಶಾಸಕರಿಂದ ನಾವು ಕೇಳಬೇಕಾದದ್ದು ಇದನ್ನೇ.