ದಂಗೆ ಎಬ್ಬಿಸಿದ ಪಟ್ಟಿ

ಮಧ್ಯ ಏಷ್ಯಾದ 1916ರ ದಂಗೆಯ ಬಗ್ಗೆ ತರಗತಿಯಲ್ಲಿ ಮಾತು ಬಂದಾಗ ಗೆಳೆಯನೊಬ್ಬ, ‘ಅದು ಜಾರ್ ದೊರೆಯ ವಿರುದ್ಧ ಮುಸ್ಲಿಮರ ಧರ್ಮಯುದ್ಧ, ಅಷ್ಟೇ’ ಎಂದ. ಆ ‘ಅಷ್ಟೇ’ಗೆ ನನ್ನ ತಕರಾರಿದೆ.

ಮೊದಲ ಮಹಾಯುದ್ಧದಲ್ಲಿ ರಷ್ಯಾಕ್ಕೆ ಕೆಲಸಗಾರರು ಸಾಲದೇ ಹೋದರು. ಅದುವರೆಗೆ ಸೈನ್ಯಭರ್ತಿಯಿಂದ ವಿನಾಯಿತಿ ಪಡೆದಿದ್ದ ತುರ್ಕಿಸ್ತಾನದ ಮತ್ತು ಕಝಕ್ ಹುಲ್ಲುಗಾವಲಿನ ಗಂಡಸರನ್ನು, 19ರಿಂದ 43 ವಯಸ್ಸಿನವರನ್ನು, ಯುದ್ಧರಂಗದ ಹಿಂದೆ ಕಂದಕ ತೋಡುವಂಥ ಕೂಲಿಗೆ ಕಳಿಸಬೇಕೆಂದು ಎರಡನೇ ನಿಕೋಲಸ್ ಆಜ್ಞೆ ಹೊರಡಿಸಿದ. ಅದೂ ಹತ್ತಿ ಹೊಲದಲ್ಲಿ ಕೈತುಂಬ ಕೆಲಸವಿದ್ದಾಗ. ಅಲ್ಲಿ ಜನನದ ದಾಖಲೆಗಳಿರಲಿಲ್ಲ. ವಯಸ್ಸು ಅಂದಾಜು ಮಾಡಿ ಪಟ್ಟಿ ಬರೆದವರು ಊರಿನ ಮುಖಂಡರೇ. ಉಳ್ಳವರು ಲಂಚ ಕೊಟ್ಟು ಮಕ್ಕಳನ್ನು ಬಿಡಿಸಿಕೊಂಡರು. ಬಡವರ ಮಕ್ಕಳ ಹೆಸರು ಉಳಿಯಿತು. ಖುಜಂದ್‌ನಲ್ಲಿ ನೆರೆದ ಜನ ಕೇಳಿದ್ದು ಆ ಪಟ್ಟಿಯನ್ನೇ. ಸೈನಿಕರು ಗುಂಡು ಹಾರಿಸಿದರು. ಜಿಝಾಕ್‌ನಲ್ಲಿ ಜಿಹಾದ್ ಘೋಷಣೆಯಾಯಿತು, ನಿಜ. ಆದರೆ ಹಲವೆಡೆ ಜನರ ಕೋಪಕ್ಕೆ ಸಿಕ್ಕವರಲ್ಲಿ ಪಟ್ಟಿ ಬರೆದ ಮುಸ್ಲಿಂ ಮುಖಂಡರೂ ಇದ್ದರು.

ಪೂರ್ವದ ಸೆಮಿರೆಚ್ಯೆಯಲ್ಲಿ ಸಿಟ್ಟು ಇನ್ನೂ ಹಳೆಯದು. ಕಿರ್ಗಿಜರ ಮೇವಿನ ನೆಲವನ್ನು ರಷ್ಯನ್ ವಲಸಿಗರಿಗೆ ಹಂಚಲಾಗಿತ್ತು. ಅಲ್ಲಿ ದಂಗೆಕೋರರು ಹೆಂಗಸರು, ಮಕ್ಕಳನ್ನೂ ಕೊಂದರು. ನಮ್ಮವರೆಂದು ಇದನ್ನು ಮುಚ್ಚಿಡುವುದು ನನಗೆ ಸರಿಕಾಣದು. ಸರ್ಕಾರದ ಪ್ರತೀಕಾರ ಅದಕ್ಕಿಂತ ಎಷ್ಟೋ ಭೀಕರ. ಕುಟುಂಬಗಳು ದನಕುರಿ ಹೊಡೆದುಕೊಂಡು ತಿಯಾನ್‌ಶಾನ್ ಪರ್ವತದ ಹಿಮದ ದಾರಿ ಹತ್ತಿ ಚೀನಾಕ್ಕೆ ಓಡಿದವು. ಸಾವಿರಾರು ಜನ ದಾರಿಯಲ್ಲೇ ಸತ್ತರು. ಕಿರ್ಗಿಜರು ಅದನ್ನು ‘ಉರ್ಕುನ್’ ಎನ್ನುತ್ತಾರೆ. ಆ ಹೆಸರು ನನ್ನ ಕಿವಿಗೆ ಬಿದ್ದದ್ದೇ ಈ ವರ್ಷ.